ಇಪ್ಪತ್ತನಾಲ್ಕನೆಯ ಗೋಲು

"ಅವರು ಯಾವ ಬದಿಗೆ ಬೇಕಾದ್ರೂ ಹೊಡೀಲಿ, ನೀನು ಇನ್ನೊಂದು ಬದಿಗೆ ಬೀಳು. ಆಯ್ತಾ?" ಎಂದು ಮೌರಿಸ್ ಮೂರನೆಯ ಸಲ ಹೇಳಿದ.

ಗೋಲ್‌ಕೀಪರ್ ಲ್ಯಾನ್ಸಿ ಗ್ಲೌಸ್ ಬಿಗಿದುಕೊಳ್ಳುತ್ತಿದ್ದವನು ಮುಖ ಎತ್ತಿದ. "ಇಪ್ಪತ್ತೆರಡು ವರ್ಷ ಈ ಕಂಬಗಳ ಮಧ್ಯೆ ನಿಂತದ್ದು ಬೀಳ್ಲಿಕ್ಕಾ ಮಾರಾಯ? ಒಂದು ಸಲ, ಒಂದೇ ಒಂದು ಸಲ, ನಿಜವಾದ ಬಾಲ್ ಹಿಡೀಲಿಕ್ಕೆ ಬಿಡು. ಅಂಥ ಜನ ಇನ್ನು ನನ್ನ ಎದುರು ಯಾವಾಗ ಬರುವುದು?"

"ಅತಿಥಿ ಹೊಡೆದದ್ದು ಗೋಲ್ ಆಗ್ಬೇಕು. ಅದು ಸಂಘದ ಮರ್ಯಾದೆ ಪ್ರಶ್ನೆ."

ಕೊಲ್ಲಿ ನಾಡಿನ ಬುದಯ್ಯ ಎಂಬ ಊರಿನ ಮೈದಾನದಲ್ಲಿ ಆ ಶುಕ್ರವಾರ ಬೆಳಿಗ್ಗೆ ಕರಾವಳಿಯವರ ಸಂಘದ ಫುಟ್‌ಬಾಲ್ ಟೂರ್ನಿ. ಮೌರಿಸ್ ಸಂಘದ ಕಾರ್ಯದರ್ಶಿ. ಮುಖ್ಯ ಅತಿಥಿ ಪೆನಾಲ್ಟಿ ಒದ್ದು ಉದ್ಘಾಟಿಸುವುದು, ಕೀಪರ್ ಆಚೆ ಬದಿಗೆ ಉರುಳುವುದು, ಜನ ಚಪ್ಪಾಳೆ ತಟ್ಟುವುದು ಅಲ್ಲಿಯ ಪದ್ಧತಿ. ಹೋದ ವರ್ಷ ಬಂದ ಸಾಹುಕಾರರು ಒದ್ದ ಚೆಂಡು ಅರ್ಧ ದಾರಿಯಲ್ಲೇ ಸುಸ್ತಾಗಿ ನಿಂತಾಗ, ಲ್ಯಾನ್ಸಿಯೇ ಬಿದ್ದಲ್ಲಿಂದ ಎದ್ದು ಓಡಿ, ಹಿಮ್ಮಡಿಯಿಂದ ಅದನ್ನು ಒಳಗೆ ತಳ್ಳಿ, ವಾಪಸು ಹೋಗಿ ಬಿದ್ದಿದ್ದ. ಸಾಹುಕಾರರು ಕೈ ಬೀಸಿದ್ದರು.

ಈ ವರ್ಷದ ಅತಿಥಿ ಅಂಥವರಲ್ಲ. ಗೆನ್ನಾದಿ ತೆರೆಶ್ಕಿನ್, ರಷ್ಯಾ ದೇಶದ ತಂಡಕ್ಕೆ ಫಾರ್ವರ್ಡ್ ಆಗಿ ಆಡಿದವರು. ಈಗ ಇಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾರೆ, ಮೌರಿಸನ ಕಾಂಪೌಂಡಿನಲ್ಲೇ ಮೂರನೆಯ ಮನೆ. ಇದು ಮೌರಿಸನಿಗೆ ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಸದಾ ಚಡ್ಡಿಯಲ್ಲಿರುವ ಅವರನ್ನು ಅವನು ಈಜುಕೊಳ ತೊಳೆಯಿಸುವ ಮೇಸ್ತ್ರಿ ಅಂದುಕೊಂಡಿದ್ದ.

ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಮೌರಿಸ್ ಕಾಗದ ಹಿಡಿದು ಇಂಗ್ಲಿಷಿನಲ್ಲಿ ಪರಿಚಯ ಓದತೊಡಗಿದ. ತಂದೆ ಟ್ರಾಮ್ ಓಡಿಸುತ್ತಿದ್ದವರು, ಹದಿನೇಳಕ್ಕೇ ದೊಡ್ಡ ಕ್ಲಬ್ಬು, ಮೊಣಕಾಲಿಗೆ ಮೂರು ಆಪರೇಷನ್, ದೇಶಕ್ಕಾಗಿ ಐವತ್ತೊಂದು ಪಂದ್ಯ. "ಮತ್ತು ಇಪ್ಪತ್ತೈದು ಗೋಲು!" ಎಂದು ಸ್ವರ ಏರಿಸಿದ.

ಪೇಟದ ಕೆಳಗಿನಿಂದ ಅತಿಥಿ ಬೆರಳೆತ್ತಿದರು. "ಇಪ್ಪತ್ತಮೂರು."

"ನಮ್ಮಲ್ಲಿ ಪರಿಚಯ ಮಾಡುವಾಗ ಸ್ವಲ್ಪ ಧಾರಾಳವಾಗಿ ಹೇಳುವುದು ಸರ್..."

"ಹೊಡೆಯದ ಗೋಲು ನನಗೆ ಬೇಡ."

ಮೌರಿಸ್ ಎಲ್ಲರೆದುರೇ ಪೆನ್ನು ತೆಗೆದು ಇಪ್ಪತ್ತೈದನ್ನು ಹೊಡೆದುಹಾಕಿ ಇಪ್ಪತ್ತಮೂರು ಎಂದು ಬರೆಯಬೇಕಾಯಿತು. ಆಮೇಲೆ ತೆರೆಶ್ಕಿನ್ ಶಾಲು ಪೇಟದ ಸಮೇತ ಬಂದು ಚೆಂಡನ್ನು ಮೆಲ್ಲಗೆ ಬಲಕ್ಕೆ ಒದ್ದರು. ಲ್ಯಾನ್ಸಿ ಎಡಕ್ಕೆ ಬಿದ್ದ. ಚಪ್ಪಾಳೆ ಬಿತ್ತು, ಮೌರಿಸ್ ಫೋಟೋದವನನ್ನು ಕರೆದ.

ಅತಿಥಿ ಮಾತ್ರ ತಾವೇ ಬಲೆಯೊಳಗೆ ಹೋಗಿ ಚೆಂಡು ತಂದು ಅದೇ ಜಾಗದಲ್ಲಿಟ್ಟರು. ಪೇಟ ತೆಗೆದು ಮೌರಿಸನ ತಲೆಗೆ ಹಾಕಿದರು, ಶಾಲನ್ನೂ ಅವನಿಗೇ ಹೊದಿಸಿದರು. "ಇನ್ನೊಮ್ಮೆ" ಎಂದರು. ಮೌರಿಸ್ ಲ್ಯಾನ್ಸಿಯತ್ತ ಕಣ್ಣು ಬಿಟ್ಟ. ಆ ಕಣ್ಣಿಗೆ ಹೆದರಿ ಲ್ಯಾನ್ಸಿ ಅವರು ಒದೆಯುವ ಮೊದಲೇ ಬಿದ್ದ!

ತೆರೆಶ್ಕಿನ್ ಕುಂಟುತ್ತಾ ಬಂದು ಅವನನ್ನು ಕೈಹಿಡಿದು ಎಬ್ಬಿಸಿದರು. "ಆಟ ಬಿಟ್ಟು ಹನ್ನೊಂದು ವರ್ಷ. ಎಲ್ಲಿ ಹೋದರೂ ಶಾಲು ಹೊದಿಸುತ್ತಾರೆ, ಎಲ್ಲಿ ಹೋದರೂ ಕೀಪರ್ ಬೀಳುತ್ತಾನೆ. ನನಗೇನು ಕಾಯಿಲೆಯೇ? ದಯವಿಟ್ಟು ನೀನಾದರೂ ನಿಲ್ಲು" ಎಂದರು, ತಮ್ಮ ಒರಟು ಇಂಗ್ಲಿಷಿನಲ್ಲಿ. ಲ್ಯಾನ್ಸಿ ಗ್ಲೌಸನ್ನು ಮತ್ತೊಮ್ಮೆ ಬಿಗಿದುಕೊಂಡ. ತನ್ನಂತೆಯೇ ಕಾಯುತ್ತಿದ್ದ ಇನ್ನೊಬ್ಬನಿದ್ದಾನೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಮೌರಿಸ್, ಅತಿಥಿ ಹೇಳಿದ್ದನ್ನು ಕೇಳುವುದು ಕೂಡ ಮರ್ಯಾದೆಯೇ ಅಲ್ವಾ?" ಎಂದು ಅಲ್ಲಿಂದಲೇ ಕೂಗಿದ. ಪೇಟ ತೊಟ್ಟ ಮೌರಿಸ್ ಶಾಲು ಸರಿಮಾಡಿಕೊಂಡು ಬದಿಗೆ ಸರಿದ.

ತೆರೆಶ್ಕಿನ್ ನಾಲ್ಕೇ ಹೆಜ್ಜೆ ಓಡಿದರು. ಚೆಂಡು ಎಡ ಮೂಲೆಗೆ ನುಗ್ಗಿತು. ಲ್ಯಾನ್ಸಿ ಮೈಭಾರ, ಸೊಂಟನೋವು ಎಲ್ಲ ಮರೆತು ಅದೇ ಬದಿಗೆ ಹಾರಿದ. ಚೆಂಡು ಅವನ ನಡುಬೆರಳಿನ ತುದಿಗೆ ಬಡಿದು, ಕಂಬಕ್ಕೆ ಬಡಿದು, ಒಳಗೆ ಹೋಯಿತು. ತೆರೆಶ್ಕಿನ್ ಎರಡೂ ಕೈ ಚಾಚಿ ಅರಚುತ್ತಾ ಕುಂಟು ಕಾಲಲ್ಲೇ ಮೈದಾನದ ಸುತ್ತ ಓಡಿದರು. ದಾರಿಯಲ್ಲಿ ಹಣ್ಣಿನ ಬುಟ್ಟಿ ಮಗುಚಿ ಕಿತ್ತಳೆಗಳೆಲ್ಲ ಉರುಳಿದವು. ಇತ್ತ ಲ್ಯಾನ್ಸಿ ಮರಳಲ್ಲಿ ಕೂತು "ತಾಗಿತು! ಕೈಗೆ ತಾಗಿತು!" ಎಂದು ಕೂಗುತ್ತಿದ್ದ. ಯಾರು ಗೆದ್ದದ್ದು ಎಂದು ನೋಡುವವರಿಗೆ ತಿಳಿಯುವಂತಿರಲಿಲ್ಲ.

ನರ್ಸ್ ಆಗಿದ್ದ ಅವನ ಹೆಂಡತಿ ಫೆಲ್ಸಿ ಐಸ್ ಹಿಡಿದು ಓಡಿಬಂದಳು. ಗ್ಲೌಸ್ ಬಿಚ್ಚಿದರೆ ಬೆರಳು ನೇಂದ್ರ ಬಾಳೆಹಣ್ಣಿನಷ್ಟು ಊದಿತ್ತು. "ಎಕ್ಸ್‌ರೇ ತೆಗೀಬೇಕು, ನಡೀರಿ."

"ಮೊದಲು ಫೋಟೋ ತೆಗೀಲಿ. ಈ ಬೆರಳು ಕಾಣ್ಬೇಕು."

ಏದುಸಿರು ಬಿಡುತ್ತಾ ಬಂದ ತೆರೆಶ್ಕಿನ್ ಮೌರಿಸನ ಕೈಯಿಂದ ಕಾಗದ, ಪೆನ್ನು ಎರಡನ್ನೂ ಕಿತ್ತುಕೊಂಡರು. ಇಪ್ಪತ್ತಮೂರನ್ನು ಹೊಡೆದುಹಾಕಿ ದಪ್ಪಕ್ಷರದಲ್ಲಿ ಇಪ್ಪತ್ತನಾಲ್ಕು ಎಂದು ಬರೆದರು.

"ಆ ಮೊದಲು ಹೊಡೆದದ್ದು, ಸರ್?" ಎಂದ ಮೌರಿಸ್.

"ಅದು ನಿನ್ನದು. ನೀನೇ ಇಟ್ಟುಕೋ."

ಐಸಿನಲ್ಲಿ ಕೈ ಇಟ್ಟುಕೊಂಡೇ ಲ್ಯಾನ್ಸಿ ಕತ್ತು ಚಾಚಿ ಕಾಗದ ನೋಡಿದ. "ಮೌರಿಸ್, ಯಾರು ಹೊಡೆಸಿಕೊಂಡದ್ದು ಅಂತ ನನ್ನ ಹೆಸರು ಕೂಡ ಬರಿ ಮಾರಾಯ. ಬಿಟ್ಟುಕೊಟ್ಟದ್ದಲ್ಲ ಅಂತ ಸಹ ಬರಿ."