ಎರಡು ಸೆಂಟಿಮೀಟರ್

ರಾಡೊ ಅರ್ಧ ಸೆಂಟಿಮೀಟರ್ ಸಾಕು ಅಂದಿದ್ದ. ಫೆರ್ದೊ ಎರಡು ಕದ್ದ.

ಬೆಳಗಿನ ಹನ್ನೊಂದು ಗಂಟೆ. ಹೋಟೆಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ಕಿಟಕಿಯ ಪರದೆ ಪೂರ್ತಿ ಎಳೆದಿತ್ತು. ಎಳೆದವನು ತಿಲೆನ್. ಇಂಥ ಕೆಲಸ ಯಾರೂ ಬೆಳಕಿನಲ್ಲಿ ಮಾಡುವುದಿಲ್ಲ.

ಸೂಜಿಯ ಕೆಳಗಿದ್ದದ್ದು ತಿಲೆನ್ ತೊಟ್ಟು ಹಾರುವ ಉಡುಪು. ಬೆಳಗಿನ ಅಭ್ಯಾಸದ ಹಾರಾಟದಲ್ಲಿ ನೆಲ ಮುಟ್ಟುತ್ತಲೇ ಬಿದ್ದು, ಇಳಿಜಾರಿನುದ್ದಕ್ಕೂ ಜಾರಿ, ಅದನ್ನು ತೊಡೆಯ ಹತ್ತಿರ ಹರಿದುಕೊಂಡಿದ್ದ. ಎದ್ದು ಕೈ ಬೀಸಿದಾಗ ಇಡೀ ಪ್ಲಾನಿತ್ಸಾ ಕಣಿವೆ ಕಹಳೆ ಊದಿತ್ತು. ಬಿದ್ದವರನ್ನು ಕೇಳುವ ಆರು ಪ್ರಶ್ನೆಗಳನ್ನು ತಂಡದ ಡಾಕ್ಟರ್ ಕೇಳಿದರು. ಪ್ರತಿ ವರ್ಷವೂ ಅವೇ ಆರು. ತಿಲೆನ್ ಥಟ್ಟನೆ ಉತ್ತರ ಹೇಳಿ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದ.

ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಬೆಟ್ಟದಿಂದ ಹಾರುವ ಸ್ಕೀ ಫ್ಲೈಯಿಂಗ್ ವಿಶ್ವ ಚಾಂಪಿಯನ್‌ಷಿಪ್. ನಿನ್ನೆಯ ಎರಡು ಸುತ್ತು ಮುಗಿದಾಗ ತಿಲೆನ್ ಎಲ್ಲರಿಗಿಂತ ಮುಂದಿದ್ದ. ಇವತ್ತು ಇನ್ನೆರಡು ಸುತ್ತು. ಈ ಕಣಿವೆಯಲ್ಲೇ ಹುಟ್ಟಿದ ಇಪ್ಪತ್ತೆರಡರ ಹುಡುಗ ಇಲ್ಲಿಯೇ ಗೆಲ್ಲುತ್ತಾನೆ ಅಂತ ಬಾರಿನವರು ಅವನ ಚಿತ್ರಕ್ಕೆ ಚೌಕಟ್ಟು ಹಾಕಿಸಿಯಾಗಿತ್ತು.

ಹರಿದದ್ದನ್ನು ಹೊಲಿಯಲು ಅನುಮತಿ ಸಿಕ್ಕಿತ್ತು. ಅದೇ ನೆಪದಲ್ಲಿ ತೊಡೆಸಂದಿಯನ್ನೂ ಸಡಿಲ ಬಿಡು ಅಂತ ಮುಖ್ಯ ತರಬೇತುದಾರ ರಾಡೊ ಹೇಳಿದ. ಅಲ್ಲಿ ಬಟ್ಟೆ ಜೋತುಬಿದ್ದರೆ ಗಾಳಿ ತುಂಬಿಕೊಳ್ಳುತ್ತದೆ, ಮನುಷ್ಯ ಬಾವಲಿಯಾಗುತ್ತಾನೆ. ನಿಯಮ ಒಪ್ಪದ ಕೆಲಸ, ಆದರೆ ಅರ್ಧ ಸೆಂಟಿಮೀಟರ್ ಅಳತೆಕೋಲಿಗೆ ಸಿಗುವುದಿಲ್ಲ.

ಯಂತ್ರದ ಮುಂದಿದ್ದ ತಂಡದ ದರ್ಜಿ ಫೆರ್ದೊ ಒಮ್ಮೆ ಮಾತ್ರ ತಲೆಯೆತ್ತಿದ. "ಬೇಡ ರಾಡೊ. ಇವತ್ತು ಬೇಡ."

"ಎಲ್ಲದಕ್ಕೂ ಸಹಿ ಆಗಿದೆ ಮುದುಕ. ನಿನ್ನ ಕೆಲಸ ಸೂಜಿ. ಅಷ್ಟನ್ನ ನೋಡ್ಕೋ."

ರಾಡೊ ಮಂಚದ ಮೇಲೆ ಕೂತು ಸಾಸೇಜ್ ತಿನ್ನುತ್ತಿದ್ದ. ಬೆರಳಿಗೆ ಮೆತ್ತಿದ ಸಾಸಿವೆ ಗೊಜ್ಜನ್ನು ನೆಕ್ಕಿ, ಅದೇ ಬೆರಳಿನಿಂದ ತಿಲೆನ್‌ನ ಹೆಲ್ಮೆಟ್ಟಿನ ಹಿಂದೆ ಪ್ರಾಯೋಜಕರ ಹೊಸ ಸ್ಟಿಕ್ಕರ್ ಅಂಟಿಸಿ, ಗುಳ್ಳೆ ಉಳಿಯದಂತೆ ತೀಡುತ್ತಿದ್ದ. ಎಂಜಲು, ಕೊಬ್ಬು, ಅಂಟು.

ಬಚ್ಚಲಿನಿಂದ ಓಕರಿಕೆಯ ಸದ್ದು ಬಂತು. ಬೆಳಗಿನಿಂದ ಎರಡನೆಯ ಸಲ.

"ಹಗುರ ಆಗ್ತಿದ್ದಾನೆ," ಅಂತ ರಾಡೊ ನಕ್ಕ.

ಮೂವತ್ತು ವರ್ಷಗಳಿಂದ ಫೆರ್ದೊ ಇಂಥ ಹುಡುಗರ ಉಡುಪು ಹೊಲಿದಿದ್ದ, ಅವರ ವಾಂತಿಯನ್ನೂ ತೊಳೆದಿದ್ದ. ಅರ್ಧ ಕಿಲೋ ಇಳಿಸಲು ಗಂಟಲಿಗೆ ಬೆರಳು ಹಾಕುವ ಮಕ್ಕಳು. ಎದುರಿಗೆ ಕೂತು ತಿನ್ನುವ ದೊಡ್ಡವರು. ಇದಕ್ಕೆ ಕ್ರೀಡೆ ಅಂತ ಹೆಸರು. ಎದ್ದು ಹೋಗಿ ಬೇಸಿನ್ ತೊಳೆದು ಬಂದ. ಅಷ್ಟರಲ್ಲಿ ತಿಲೆನ್ ಕುರ್ಚಿಯಲ್ಲಿ ಕೂತಿದ್ದ.

"ನನ್ನ ಸರದಿ ಯಾವಾಗ ಮಾವ?"

"ಕೊನೆಗೆ ಕಣೋ. ಮುಂದಿರೋನು ಕೊನೆಗೇ ಅಲ್ವಾ?"

ಫೆರ್ದೊ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಯಂತ್ರದ ಮುಂದೆ ಕೂತ. ತೊಡೆಸಂದಿ ಬಿಚ್ಚಿದ. ಎರಡು ಸೆಂಟಿಮೀಟರ್ ಪಟ್ಟಿ ಸೇರಿಸಿದ. ಅವನ ಹೊಲಿಗೆ ಕಾಣಬೇಕಾದರೆ ಭೂತಗನ್ನಡಿ ಬೇಕು ಅಂತ ಬೇರೆ ತಂಡದವರು ಗೊಣಗುವುದುಂಟು.

ಮಧ್ಯಾಹ್ನ ಎರಡಕ್ಕೆ ಸುತ್ತು ಶುರುವಾಯಿತು. ಬೆಟ್ಟದ ತಲೆಯ ಮರದ ಕೋಣೆಯಲ್ಲಿ ಹಾರುವವರು ಒಬ್ಬೊಬ್ಬರಾಗಿ ಉಡುಪಿನ ಅಳತೆ ಕೊಟ್ಟು ಹೋದರು. ಬೆವರು, ಮೇಣ, ಹಳೆಯ ಕಾಲುಚೀಲಗಳ ವಾಸನೆ. ತಿಲೆನ್ ಅದೇ ಪ್ರಶ್ನೆ ಮತ್ತೆ ಕೇಳಿದ. ಫೆರ್ದೊ ಅದೇ ಉತ್ತರ ಮತ್ತೆ ಹೇಳಿದ. ಮೊದಲ ಪ್ರಶಸ್ತಿಯ ಅಂಜಿಕೆ ಅಂತ ಯಾರೋ ಅವನ ಬೆನ್ನು ತಟ್ಟಿದರು.

ತಪಾಸಣೆ ಮಾಡುತ್ತಿದ್ದ ಫಿನ್ಲೆಂಡಿನ ಕೌಕೊ ಬಗ್ಗಿ ನೋಡಿದವನು ಅಳತೆಕೋಲನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಕಪ್ಪು ಬಟ್ಟೆಯ ಮೇಲೆ ಬೂದು ದಾರ, ಸೊಟ್ಟ ಸಾಲು, ತುದಿಯಲ್ಲಿ ಗಂಟು. ಆದರೂ ನಿಯಮ ಅಂತ ಎರಡು ಸಲ ಅಳೆದ. ಆಮೇಲೆ ಬೂಟಿಗೆ ಮೆತ್ತಿದ ಹೇಲನ್ನು ನೋಡುವ ಹಾಗೆ ಫೆರ್ದೊನನ್ನು ನೋಡಿದ.

"ಇಷ್ಟು ವರ್ಷ ನಿಮ್ಮ ಕೈಕೆಲಸ ನೋಡಿದ್ದೀನಿ. ಕದಿಯೋದಾದ್ರೂ ನೀಟಾಗಿ ಕದೀಬಾರ್ದಾ?"

ಫೆರ್ದೊ ತನ್ನ ಅಳತೆಪಟ್ಟಿಯನ್ನು ಸುತ್ತಿ ಜೇಬಿಗಿಟ್ಟ.

"ಥೂ," ಅಂದ ತಿಲೆನ್. "ನಿನ್ನನ್ನ ಮಾವ ಅಂತ ಕರೀತಿದ್ನಲ್ಲ."

ಅನರ್ಹ ಅಂತ ಧ್ವನಿವರ್ಧಕ ಸಾರಿತು. ಕಹಳೆಗಳು ನಿಂತವು. ಆಮೇಲೆ ಕಣಿವೆ ಒಂದೇ ಗಂಟಲಿನಿಂದ ಊಳಿಟ್ಟಿತು. ಫೆರ್ದೊ ಕೆಳಗಿಳಿದಾಗ ಬಿಯರ್ ಲೋಟಗಳು ತೂರಿಬಂದವು. ತಂಡದ ಬಣ್ಣದ ಟೋಪಿ ಹಾಕಿದ ಅಜ್ಜಿಯೊಬ್ಬಳು ಹತ್ತಿರ ಬಂದು, ಗುರಿಯಿಟ್ಟು, ಅವನ ಬೂಟಿನ ಮೇಲೆ ಉಗಿದಳು. ಕಾವಲಿನವರು ಅವನ ಕೊರಳಿನ ಗುರುತಿನ ಚೀಟಿ ಕತ್ತರಿಸಿಕೊಂಡರು. ಟಿವಿಯವರ ಮುಂದೆ ರಾಡೊ ಕಣ್ಣೊರೆಸಿಕೊಳ್ಳುತ್ತ, ತನಗೇನೂ ಗೊತ್ತಿರಲಿಲ್ಲ, ಮುದುಕನೊಬ್ಬನ ದುರಾಸೆ ಅಂದ.

ಬೇಲಿಯ ಬಳಿ ಹಿಮದಲ್ಲಿ ಕೂತಿದ್ದ ತಿಲೆನ್ ಪಕ್ಕದವನ ತೋಳು ಹಿಡಿದು, ತನ್ನ ಸರದಿ ಯಾವಾಗ ಅಂತ ಕೇಳಿದ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದರು ಜನ.

ಒಂದು ಗಂಟೆಯ ನಂತರ ಫೆರ್ದೊ ಹೊಲಿಗೆ ಯಂತ್ರ ಕೊಂಡೊಯ್ಯಲು ಹೋಟೆಲಿಗೆ ಬಂದ. ರಾಡೊ ಅವನ ದಾರಿಗೆ ಅಡ್ಡ ನಿಂತ. "ಅರ್ಧ ಅಂದಿದ್ದೆ ತಾನೆ? ಎರಡು ಯಾಕೆ ಹಾಕ್ದೆ? ಅಷ್ಟು ಆಸೆನಾ?"

ಫೆರ್ದೊ ಮೇಜಿನ ಮೇಲಿದ್ದ ಹೆಲ್ಮೆಟ್ ಎತ್ತಿಕೊಂಡ. ಉಗುರಿನಿಂದ ಹೊಸ ಸ್ಟಿಕ್ಕರನ್ನು ಕೆರೆದು ಕಿತ್ತ. ಅದರಡಿಯಲ್ಲಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬಿರುಕು ಬಿಟ್ಟಿತ್ತು. ಕೆಳಗೆ ಹೋಟೆಲಿನ ಬಾಗಿಲಲ್ಲಿ, ತಿಲೆನ್‌ನನ್ನು ಮಲಗಿಸಿಕೊಂಡ ಆಂಬುಲೆನ್ಸ್, ಪೆಟ್ಟು ಎಲ್ಲಿ ಬಿದ್ದಿದೆ ಅಂತ ನೋಡಲು ಆ ಹೆಲ್ಮೆಟ್ಟಿಗಾಗಿ ಕಾಯುತ್ತಿತ್ತು.

"ಅರ್ಧ ಹಾಕಿದ್ರೆ," ಅಂದ ಫೆರ್ದೊ, "ಅವನು ಹಾರಿಬಿಡ್ತಿದ್ದ."