ಎರಡು ಬೀದಿಯ ಬೆಳಗು

ಚಂದ್ರನ ಮೇಲಿನ ನಮ್ಮೂರಿನಲ್ಲಿ ಒಂದೊಂದು ಬೀದಿಗೂ ಅದರದೇ ದೀಪ, ಅದರದೇ ಬೆಳಗು. ಹೊಸ ಸೊಸೆಗೆ ಮೊದಲ ವಾರವೆಲ್ಲ ದೀಪ ಹತ್ತಿದೊಡನೆ ಅತ್ತೆಯೇ ಉಪ್ಪಿಟ್ಟು ತಿನ್ನಿಸಬೇಕು. ಹೊಟ್ಟೆ ಎದ್ದರೆ ಮೈಯೂ ಈ ಬೀದಿಯ ಹೊತ್ತಿಗೆ ಹೊಂದಿಕೊಳ್ಳುತ್ತದೆ.

ನಮ್ಮ ಇಂಚರ ಅತ್ತಿಗೆ ಮಾತ್ರ ತುತ್ತು ಮುಟ್ಟಲಿಲ್ಲ.

"ಯಾಕಮ್ಮಾ, ಉಪ್ಪು ಜಾಸ್ತಿ ಆಯ್ತಾ?" ಎಂದಳು ಅಮ್ಮ.

"ಇಲ್ಲ ಅತ್ತೆ. ಹೊಂದ್ಕೊಂಡ್ಬಿಟ್ರೆ, ನಮ್ಮಮ್ಮ ಎದ್ದಿರೋವಾಗೆಲ್ಲ ನಾನು ಮಲಗಿರ್ತೀನಿ. ಫೋನಲ್ಲೂ ಸಿಗಲ್ಲ."

"ನಿಮ್ಮ ಬೀದೀಲಿ ಬೆಳಗಾಗೋದು ಯಾವಾಗ?"

"ಇಲ್ಲಿ ಸಂಜೆ ಆದಾಗ."

ಅಮ್ಮ ತಟ್ಟೆ ಮುಚ್ಚಿಟ್ಟು, ಬೆಳಕು ಬೀಳದಂತೆ ಪರದೆ ಎಳೆದಳು. "ಹಂಗಾದ್ರೆ ಮಧ್ಯಾಹ್ನ ಎದ್ದು ತಿನ್ನು. ಅರ್ಧ ದಿನ ನಮ್ಗೆ, ಅರ್ಧ ನಿಮ್ಮಮ್ಮಂಗೆ."

"ಬೀದಿಯವ್ರು ಸೋಮಾರಿ ಸೊಸೆ ಅಂತಾರೆ."

"ಒಬ್ಳನ್ನೇ ಯಾಕಂತಾರೆ?" ಅಮ್ಮ ಕಂಬಳಿ ಎತ್ತಿದಳು. "ಆ ಕಡೆ ಸರ್ಕೊ, ನಾನೂ ಮಲಗ್ತೀನಿ."