ಹಳೆಯ ಹೆಸರುಗಳ ಪಟ್ಟಿ

ಪ್ರೋಗ್ರಾಮಿನಲ್ಲಿ ಬಳಸುವ ಮ್ಯಾಕ್ರೊಗಳಿಗೆಲ್ಲ, ಅಂದರೆ ಚುಟುಕು ಆಜ್ಞೆಗಳಿಗೆಲ್ಲ, ಕಂಪನಿ ಹೊಸ ಹೆಸರಿಟ್ಟಿತ್ತು. ಎಲ್ಲರೂ ಕೋಡ್ ಬರೆಯುವ ಎಡಿಟರನ್ನು ನೋಡಿಕೊಳ್ಳುತ್ತಿದ್ದ ಅವಳು ಹಳೆಯ ಹೆಸರುಗಳ ಪಟ್ಟಿಯನ್ನು ಮಾತ್ರ ಅದರಿಂದ ತೆಗೆದಿರಲಿಲ್ಲ.

“ಹೆಸರು ಬದಲಾಗಿ ಎರಡು ವರ್ಷ ಆಯ್ತಲ್ಲಮ್ಮ, ತೆಗೆದುಬಿಡಿ,” ಎಂದರು ಮ್ಯಾನೇಜರು.

“ಹಳಬರ ಕೈಗೆ ಹಳೇ ಹೆಸರೇ ಬರುತ್ತೆ ಸರ್. ಟೈಪ್ ಮಾಡಿದ್ರೆ ಎಡಿಟರ್ ಗುರುತು ಹಿಡಿದು, ಈಗ ಇದರ ಹೆಸರು ಇದು ಅಂತ ತೋರಿಸ್ಬೇಕು. ಪಟ್ಟಿ ತೆಗೆದ್ರೆ ಅಂಥದ್ದೇ ಇಲ್ಲ ಅನ್ನುತ್ತೆ.”

“ಅಂದ್ರೆ ಏನೀಗ?”

“ಇರೋದನ್ನ ಇಲ್ಲ ಅನ್ಬಾರ್ದು ಸರ್.”

ಮ್ಯಾನೇಜರು ಭುಜ ಕುಣಿಸಿ ಹೋದರು. ಪಟ್ಟಿ ಉಳಿಯಿತು.

ಸಂಜೆ ಅವಳು ಚಪಾತಿ ಹಿಟ್ಟು ಕಲಸುತ್ತಿದ್ದಾಗ ಇಂಟರ್‌ಕಾಮ್ ಹೊಡೆದುಕೊಂಡಿತು. ಗೇಟಿನ ಸೆಕ್ಯುರಿಟಿಯವನು.

“ಮೇಡಂ, ವಯಸ್ಸಾದ ಮೇಷ್ಟ್ರೊಬ್ಬರು ಬಂದಿದಾರೆ. ಸುಗಂಧಿ ಅನ್ನೋರಿಗೆ ಪಾಠ ಹೇಳಿದ್ರಂತೆ. ನಿಮ್ಮನೇಲಿ ಇದಾರಾ?”

ಮದುವೆಯ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬೇರೊಂದು ಹೆಸರು ಬರೆಯುವವರೆಗೆ ಅವಳು ಸುಗಂಧಿಯೇ ಆಗಿದ್ದಳು.

ಸೋಫಾದಲ್ಲಿದ್ದ ಅತ್ತೆ ಟಿವಿಯ ದನಿ ತಗ್ಗಿಸಿದರು. “ಯಾರನ್ನ ಕೇಳ್ತಿದಾರೆ?”

ಅವಳು ರಿಸೀವರಿಗೆ ಅಂಟಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

“ಆ ಹೆಸರಿನವರು ನಮ್ಮನೇಲಿ ಯಾರೂ ಇಲ್ಲಪ್ಪ.”